ಮಾರ್ಕ್ ಟ್ವೈನ್‌ನ ‘ಅಡ್ವೆಂಚರ್ಸ್ ಆಫ್ ಹಕಲ್‌ಬೆರಿ ಫಿನ್’ ಕಾದಂಬರಿಯಲ್ಲಿ, ಯಾರ ಹಂಗಿಗೂ ಸಿಗದ ಹುಡುಗ ಹಕ್ ಫಿನ್, ಓಡಿಹೋದ ಗುಲಾಮ ಜಿಮ್‌ಗೆ ಮಾತ್ರ ಅಷ್ಟು ನಿಷ್ಠನಾಗಿರುವುದು ಯಾಕೆ?

ಜಿಮ್ ಅವನನ್ನು ತಿದ್ದಲು ಹೋಗುವುದಿಲ್ಲ, ಅದಕ್ಕೆ. ಅವನನ್ನು ಸಾಕಿಕೊಂಡ ವಿಧವೆ ಡಗ್ಲಸ್‌ಗೆ ಅವನು ಸಭ್ಯನಾಗಬೇಕು, ಕುಡುಕ ಅಪ್ಪನಿಗೆ ಅವನ ದುಡ್ಡು ಬೇಕು. ಜಿಮ್‌ನದು ಬೇರೆಯೇ ರೀತಿ: ಇಬ್ಬರೂ ತೆಪ್ಪದಲ್ಲಿ ನದಿಯ ಮೇಲೆ ಸಾಗುವಾಗ, ತನ್ನ ಸರದಿ ಮುಗಿದರೂ ಹುಡುಗನನ್ನು ಎಬ್ಬಿಸದೆ, ಅವನ ಪಾಲಿನ ಕಾವಲನ್ನೂ ತಾನೇ ಕಾಯುತ್ತಾನೆ.

ಈ ಕಾದಂಬರಿ ಅಮೆರಿಕದಲ್ಲಿ ಅಚ್ಚಾದದ್ದು 1885ರಲ್ಲಿ. ಕಥೆ ನಡೆಯುವುದು ಅದಕ್ಕೂ ನಾಲ್ಕೈದು ದಶಕ ಹಿಂದೆ, ಗುಲಾಮಗಿರಿ ಕಾನೂನುಬದ್ಧವಾಗಿದ್ದಾಗ. ಓಡಿಹೋದ ಗುಲಾಮನಿಗೆ ನೆರವಾದರೆ ಕಳ್ಳತನ, ಪಾಪ ಎಂದೇ ಹಕ್‌ನ ತಲೆಯಲ್ಲೂ ಕೂತಿದೆ. ಬಹಳ ಜನ ತಪ್ಪುವುದು ಇಲ್ಲೇ: ಅವನು ಗುಲಾಮಗಿರಿಯ ವಿರೋಧಿಯೇನಲ್ಲ. ಊರು ಕಲಿಸಿದ ಆತ್ಮಸಾಕ್ಷಿ ಒಂದು ಹೇಳುತ್ತದೆ, ತೆಪ್ಪದ ಮೇಲಿನ ಅನುಭವ ಇನ್ನೊಂದು. ಊರಿನ ಮರ್ಯಾದೆಯಲ್ಲಿ ಪಾಲಿಲ್ಲದವನಾದ್ದರಿಂದ ಎರಡನೆಯದನ್ನು ನಂಬುವ ಧೈರ್ಯ ಅವನಿಗಿದೆ.

16ನೇ ಅಧ್ಯಾಯ ನೋಡಿ. ಜಿಮ್‌ನನ್ನು ಹಿಡಿದುಕೊಡಲೆಂದೇ ದೋಣಿಯಲ್ಲಿ ಹೊರಟವನು, ಬಂದೂಕು ಹಿಡಿದ ಇಬ್ಬರು ಎದುರಾದಾಗ ತೆಪ್ಪದಲ್ಲಿ ಕಾಯಿಲೆ ಬಿದ್ದ ಅಪ್ಪನಿದ್ದಾನೆ ಎನ್ನುತ್ತಾನೆ. ಸಿಡುಬು ಎಂಬ ಪದವನ್ನು ತಾನು ಬಾಯಿಬಿಟ್ಟು ಹೇಳುವುದೇ ಇಲ್ಲ. ಅವರೇ ಊಹಿಸಿಕೊಂಡು ಹೆದರಿ, ತಲಾ 20 ಡಾಲರ್ ಚಿನ್ನದ ನಾಣ್ಯ ಕೊಟ್ಟು ದೂರ ಸರಿಯುತ್ತಾರೆ.

31ನೇ ಅಧ್ಯಾಯದಲ್ಲಿ ಯಜಮಾನತಿಗೆ ಜಿಮ್‌ನ ಸುಳಿವು ಕೊಟ್ಟು ಬರೆದ ಚೀಟಿಯನ್ನು ಹರಿದುಹಾಕುವಾಗಲೂ, ನರಕಕ್ಕೆ ಹೋಗುವುದು ಖಾತ್ರಿ ಎಂದು ನಂಬಿಯೇ ಹರಿಯುತ್ತಾನೆ.