ಬ್ಯಾಕ್ಟೀರಿಯಾದಿಂದ ಬಂದ ಬೇಧಿಗೆ ಬ್ಯಾಕ್ಟೀರಿಯಾನೇ ಮದ್ದಾ?

ಗೋಣಿಕೊಪ್ಪದಿಂದ ನೀವು ಬರೆದದ್ದು ಓದಿದೆ. ಆರು ವರ್ಷದ ಮಗನಿಗೆ ಬೇಧಿ. ಡಾಕ್ಟರ್ ಓಆರ್‌ಎಸ್, ಜಿಂಕ್ ಜೊತೆ ಪ್ರೋಬಯೋಟಿಕ್ ಪುಡಿಯನ್ನೂ, ಅಂದರೆ ಒಳ್ಳೆಯ ಬ್ಯಾಕ್ಟೀರಿಯಾ ಇರುವ ಪುಡಿಯನ್ನೂ ಬರೆದುಕೊಟ್ಟಿದ್ದಾರೆ. ಬ್ಯಾಕ್ಟೀರಿಯಾದಿಂದ ಬರುವ ಕಾಯಿಲೆಗೆ ಬ್ಯಾಕ್ಟೀರಿಯಾನೇ ಹೇಗೆ ಮದ್ದು, ಮನೆಯ ಮೊಸರು ಸಾಲದಾ ಎಂದು ಕೇಳಿದ್ದೀರಿ.

ನಾನು ಡಾಕ್ಟರ್ ಅಲ್ಲ. ಮೈಕ್ರೋಬಯಾಲಜಿ ಓದಿ ಮಡಿಕೇರಿಯಲ್ಲಿ ಪಾಠ ಮಾಡುತ್ತೇನೆ. ನನ್ನ ಮಗಳಿಗೂ ಒಂದು ಕಕ್ಕಡ ತಿಂಗಳಲ್ಲಿ, ಜೋರು ಮಳೆಗಾಲದಲ್ಲಿ, ರಕ್ತಬೇಧಿ ಆಗಿತ್ತು. ನಾಲ್ಕು ದಿನ ಬಿಡದ ಮಳೆ, ಕರೆಂಟ್ ಇಲ್ಲ, ಗುಡ್ಡದ ಕಡೆಯಿಂದ ಹರಿದ ಕೆಸರು ನೀರು ಬಾವಿಗೆ ಇಳಿದಿತ್ತು. ಸೌದೆ ಒದ್ದೆಯಾಗಿದೆ ಎಂದು ಒಂದು ದಿನ ನೀರು ಕುದಿಸದೆ ಕೊಟ್ಟೆವು. ಹಾಗಾಗಿ ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ.

ಕರುಳಿನ ಒಳಗೋಡೆಯಲ್ಲಿ ಇರುವುದು ಒಂದೇ ಸಾಲು ಜೀವಕೋಶಗಳು. ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡು ನಿಂತಿವೆ. ಮೇಲೆ ಲೋಳೆಯ ಹೊದಿಕೆ. ರೋಗ ತರುವ ಬ್ಯಾಕ್ಟೀರಿಯಾ ಮೊದಲು ಈ ಲೋಳೆ ದಾಟಿ ಜೀವಕೋಶವನ್ನು ಮುಟ್ಟಬೇಕು. ಮುಟ್ಟಿದ ಮೇಲೆ ಅವು ಮಾಡುವ ಕೆಲಸ ನೋಡಿದರೆ ಈಗಲೂ ನನಗೆ ಮೈ ಜುಮ್ಮೆನ್ನುತ್ತದೆ.

ಮಕ್ಕಳಲ್ಲಿ ಬೇಧಿ ತರುವ ಒಂದು ಬಗೆಯ ಇ. ಕೋಲಿ ಬ್ಯಾಕ್ಟೀರಿಯಾ ಇದೆ. ಅದರ ಮೈಮೇಲೆ ಇಂಜೆಕ್ಷನ್ ಸೂಜಿಯಂಥ ಸಣ್ಣ ಕೊಳವೆಗಳಿವೆ. ಆ ಕೊಳವೆಯಿಂದ ಅದು ನಮ್ಮ ಜೀವಕೋಶದೊಳಗೆ 'ಟಿರ್' ಎಂಬ ಪ್ರೋಟೀನನ್ನು ಚುಚ್ಚಿ ಸೇರಿಸುತ್ತದೆ. ಟಿರ್ ಹೋಗಿ ಜೀವಕೋಶದ ಹೊರಮೈಯಲ್ಲಿ ತಲೆ ಎತ್ತಿ ನಿಲ್ಲುತ್ತದೆ. ಬ್ಯಾಕ್ಟೀರಿಯಾ ಅದನ್ನೇ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಅಂದರೆ ಬರುವವನೇ ನಮ್ಮ ಗೋಡೆಗೆ ತನ್ನ ಗೂಟ ಹೊಡೆದುಕೊಂಡ ಹಾಗೆ! ಆಮೇಲೆ ಜೀವಕೋಶದ ಒಳಗಿನ ಎಳೆಗಳು ಅಡ್ಡಾದಿಡ್ಡಿ ಒಟ್ಟುಗೂಡಿ, ಅದರ ಅಡಿಯಲ್ಲಿ ಒಂದು ಪೀಠವನ್ನೇ ಎಬ್ಬಿಸುತ್ತವೆ. ಆಹಾರ ಹೀರುವ ಸಣ್ಣ ಸಣ್ಣ ಕುಚ್ಚುಗಳು ಆ ಜಾಗದಲ್ಲಿ ಅಳಿಸಿಹೋಗುತ್ತವೆ.

ಸಾಲ್ಮೊನೆಲ್ಲಾ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಹತ್ತಿರವೂ ಇಂಥದೇ ಸೂಜಿ ಇದೆ. ಅದು ಚುಚ್ಚಿದ ಕೂಡಲೇ ಜೀವಕೋಶದ ಮೈ ನೆರಿಗೆ ನೆರಿಗೆಯಾಗಿ ಎದ್ದು, ತಾನಾಗಿಯೇ ಆ ಬ್ಯಾಕ್ಟೀರಿಯಾವನ್ನು ಒಳಗೆ ಎಳೆದುಕೊಳ್ಳುತ್ತದೆ. ರಕ್ತಬೇಧಿ ತರುವ ಶಿಗೆಲ್ಲಾ ಒಂದು ಜೀವಕೋಶದಿಂದ ಪಕ್ಕದ್ದಕ್ಕೆ ಹೊರಗೆ ಬಾರದೆಯೇ ತೂರುತ್ತದೆ. ಕಾಯಿಲೆ ಬರಲು ಅದರ ಹತ್ತಾರು ಬ್ಯಾಕ್ಟೀರಿಯಾಗಳು ಹೊಟ್ಟೆಗೆ ಹೋದರೂ ಸಾಕು. ಕಾಲರಾ ಬ್ಯಾಕ್ಟೀರಿಯಾ ಜೀವಕೋಶದ ಒಳಗೆ ನುಗ್ಗುವುದೇ ಇಲ್ಲ, ವಿಷ ಬಿಟ್ಟು ನೀರು ಹೊರಡಿಸುತ್ತದೆ. ಆ ವಿಷವನ್ನು 1959ರಲ್ಲಿ ತೋರಿಸಿಕೊಟ್ಟವರು ಕೋಲ್ಕತ್ತದ ವಿಜ್ಞಾನಿ ಶಂಭುನಾಥ ಡೇ.

ಈಗ ನಿಮ್ಮ ಪುಡಿಯ ವಿಷಯ. ಕಾಫಿ ತೋಟದಲ್ಲಿ ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವುದು) ಜಾಸ್ತಿಯಾಗಿ ಬಿಸಿಲು ನೆಲಕ್ಕೆ ಬಿದ್ದರೆ ಕಳೆ ಎದ್ದು ಬರುತ್ತದೆ, ಅಲ್ವಾ? ನೆರಳು ದಟ್ಟವಾಗಿದ್ದರೆ ಅಷ್ಟು ಬರುವುದಿಲ್ಲ. ಕರುಳಿನಲ್ಲೂ ಒಳ್ಳೆಯ ಬ್ಯಾಕ್ಟೀರಿಯಾ ತುಂಬಿಕೊಂಡಿದ್ದರೆ ಹೊರಗಿನವಕ್ಕೆ ಜಾಗ ಸಿಗುವುದು ಕಷ್ಟ. ಇವು ಜಾಗ ಹಿಡಿಯುವುದಷ್ಟೇ ಅಲ್ಲ. ಹುಳಿ ಬಿಟ್ಟು ಸುತ್ತಲಿನ ವಾತಾವರಣವನ್ನು ರೋಗಾಣುಗಳಿಗೆ ಒಗ್ಗದಂತೆ ಮಾಡುತ್ತವೆ. ಕೆಲವು ತಳಿಗಳು ಜೀವಕೋಶ ಹೆಚ್ಚು ಲೋಳೆ ಸುರಿಸುವಂತೆ ಮಾಡುತ್ತವೆ, ಕೋಶಗಳ ನಡುವಿನ ಬಿಗಿಯನ್ನು ಕಾಯುತ್ತವೆ. ಬ್ಯಾಕ್ಟೀರಿಯಾ ಬೆಳೆಯಲು ಬೇಕಾದ ಕಬ್ಬಿಣದ ಅಂಶಕ್ಕಾಗಿಯೂ ಪೈಪೋಟಿ ನಡೆಯುತ್ತದೆ. 1917ರಲ್ಲಿ ಜರ್ಮನಿಯ ವೈದ್ಯ ಆಲ್ಫ್ರೆಡ್ ನಿಸ್ಲೆ, ಜೊತೆಗಾರರೆಲ್ಲ ಬೇಧಿಯಿಂದ ನರಳಿದರೂ ತಾನು ಗಟ್ಟಿಯಾಗಿದ್ದ ಒಬ್ಬ ಸೈನಿಕನ ಮಲದಿಂದ ಒಂದು ಇ. ಕೋಲಿ ತಳಿಯನ್ನು ಬೇರ್ಪಡಿಸಿದರು. ಹೌದು, ಇದೂ ಇ. ಕೋಲಿಯೇ, ಆದರೆ ಕಾಪಾಡುವ ತಳಿ. ಕಬ್ಬಿಣ ಕಸಿಯುವುದರಲ್ಲಿ ಅದು ತುಂಬಾ ಜೋರು.

ಆದರೆ ಯಾವಾಗ ಕೊಡುತ್ತೇವೆ ಎನ್ನುವುದು ಮುಖ್ಯ. ಒಡಿಶಾದ ಹಳ್ಳಿಗಳಲ್ಲಿ 4,500ಕ್ಕೂ ಹೆಚ್ಚು ಆರೋಗ್ಯವಂತ ನವಜಾತ ಶಿಶುಗಳ ಮೇಲೆ ನಡೆದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್ ಮತ್ತು ಅದಕ್ಕೆ ಆಹಾರವಾಗುವ ಒಂದು ಸಕ್ಕರೆಯನ್ನು 7 ದಿನ ಕೊಟ್ಟಿದ್ದರು. ರಕ್ತಕ್ಕೆ ನಂಜೇರಿದ ಅಥವಾ ಸತ್ತ ಶಿಶುಗಳ ಪ್ರಮಾಣ ಶೇ. 9ರಿಂದ ಶೇ. 5.4ಕ್ಕೆ ಇಳಿಯಿತು. ಆದರೆ 2018ರಲ್ಲಿ ಬಂದ ಅಮೆರಿಕ ಮತ್ತು ಕೆನಡಾದ ಎರಡು ಅಧ್ಯಯನಗಳಲ್ಲಿ, ಆಗಲೇ ವಾಂತಿಬೇಧಿ ಶುರುವಾಗಿದ್ದ ಮಕ್ಕಳಿಗೆ ಪ್ರೋಬಯೋಟಿಕ್ ಕೊಟ್ಟರೂ ಮದ್ದಿಲ್ಲದ ಸುಮ್ನೆ ಪುಡಿ ತೆಗೆದುಕೊಂಡ ಮಕ್ಕಳಿಗಿಂತ ಬೇಗ ವಾಸಿಯಾಗಲಿಲ್ಲ. ಶತ್ರು ಗೂಟ ಹೊಡೆದ ಮೇಲೆ ಕಾವಲಿಗೆ ಬಂದವರು ಮಾಡುವುದು ಕಡಿಮೆ. ಅಲ್ಲಿ ಪರೀಕ್ಷಿಸಿದ್ದು ಕೆಲವೇ ತಳಿಗಳನ್ನು, ನಿಮ್ಮ ಪುಡಿಯಲ್ಲಿರುವ ತಳಿ ಬೇರೆ ಇರಬಹುದು.

ಹಾಗಾಗಿ ಡಾಕ್ಟರ್ ಹೇಳಿದ ಪುಡಿ ಕೊಡಿ, ಆದರೆ ನಂಬಿಕೆ ಓಆರ್‌ಎಸ್ ಮೇಲಿರಲಿ. ಕರುಳು ಸೋತಿರುವಾಗಲೂ ಸಕ್ಕರೆಯ ಜೊತೆ ಉಪ್ಪನ್ನು, ಅದರ ಬೆನ್ನಿಗೆ ನೀರನ್ನು ಒಳಗೆಳೆಯುವ ದಾರಿ ತೆರೆದೇ ಇರುತ್ತದೆ. ಮಗುವನ್ನು ಉಳಿಸುವುದು ಆ ದಾರಿ. ಜಿಂಕ್ ಎರಡೇ ದಿನಕ್ಕೆ ನಿಲ್ಲಿಸಬೇಡಿ, 10ರಿಂದ 14 ದಿನ ಕೊಡಬೇಕು. ಮಲದಲ್ಲಿ ರಕ್ತ ಕಂಡರೆ, ಮೂತ್ರ ಕಡಿಮೆಯಾದರೆ, ಮಗು ಮಂಕಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ನಮ್ಮ ಮಗಳಿಗೆ ಆಂಟಿಬಯೋಟಿಕ್ ಬೇಕೇ ಬೇಕಾಯಿತು.

ಮೊಸರು ಧಾರಾಳವಾಗಿ ಕೊಡಿ, ಒಳ್ಳೆಯದೇ. ಆದರೆ ಮನೆಯ ಹೆಪ್ಪಿನಲ್ಲಿ ಯಾವ ತಳಿ, ಎಷ್ಟು ಇದೆ ಎಂಬ ಲೆಕ್ಕವಿಲ್ಲ. ಹೊಟ್ಟೆಯ ಆಮ್ಲದಲ್ಲಿ ತುಂಬಾ ಸತ್ತುಹೋಗುತ್ತವೆ. ಪುಡಿಗೆ ಬದಲು ಎಂದು ಹೇಳಲಾರೆ. ಇನ್ನೊಂದು ಮಾತು, ಪುಡಿಯನ್ನು ಬಿಸಿ ಹಾಲಿಗೋ ಬಿಸಿ ಗಂಜಿಗೋ ಹಾಕಬೇಡಿ. ಒಳಗಿರುವುದು ಜೀವ. ಕುದಿಸಿ ಆರಿಸಿದ ನೀರಿಗೆ ಬೆರೆಸಿ ತಕ್ಷಣ ಕುಡಿಸಿ.