ಹಾಲಿನ ಲೆಕ್ಕಕ್ಕೆ ಯಾವ ಡೇಟಾಬೇಸ್?

ಪ್ರಶ್ನೆ: ನಮ್ಮೂರ ಡೈರಿಯಲ್ಲಿ 220 ಸದಸ್ಯರಿದ್ದಾರೆ. ಎರಡು ಹೊತ್ತೂ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಘನಾಂಶ) ಬರೆದುಕೊಂಡು, ಪಶು ಆಹಾರದ ಬಾಕಿ ಹಿಡಿದು ಬಿಲ್ ಮಾಡುವ ವೆಬ್ ಆ್ಯಪ್ ಮಾಡಬೇಕು ಅಂತಿದ್ದೇನೆ. ಸ್ವಲ್ಪ ಪೈಥಾನ್ ಪ್ರೋಗ್ರಾಮಿಂಗ್ ಬರುತ್ತದೆ. ಗೆಳೆಯರು ನೋಡ್, ರಿಯಾಕ್ಟ್ ಎಂಬ ಜಾವಾಸ್ಕ್ರಿಪ್ಟ್ ಸಲಕರಣೆಗಳನ್ನೂ ಮಾಂಗೋಡಿಬಿ ಎಂಬ ಡೇಟಾಬೇಸನ್ನೂ ಕಲಿತೇ ಶುರು ಮಾಡು ಅನ್ನುತ್ತಾರೆ. ಏನು ಮಾಡಲಿ?
– ಓದುಗರು, ಅರಸೀಕೆರೆ

ಉತ್ತರ: ಪೈಥಾನ್ ಬರುತ್ತದೆ ಅಂದಮೇಲೆ ಜಾಂಗೋ (ಪೈಥಾನಿನಲ್ಲಿ ವೆಬ್ ಆ್ಯಪ್ ಕಟ್ಟುವ ಸಿದ್ಧ ಚೌಕಟ್ಟು) ಹಿಡಿಯಿರಿ, ಡೇಟಾಬೇಸ್‌ಗೆ ಪೋಸ್ಟ್‌ಗ್ರೆಸ್ ಇರಲಿ. ಗೆಳೆಯರು ಹೇಳಿದ್ದು ಕೆಟ್ಟ ಸಾಮಾನೇನಲ್ಲ, ಆದರೆ ನಿಮ್ಮ ಕೆಲಸಕ್ಕೆ ಅಷ್ಟೆಲ್ಲ ಬೇಕಿಲ್ಲ.

ಮೊದಲು ನಿಮ್ಮ ಲೆಕ್ಕದ ಪುಸ್ತಕ ತೆರೆದು ನೋಡಿ. ಎಲ್ಲ ಸದಸ್ಯರೂ ಎರಡು ಹೊತ್ತೂ ಹಾಲು ಹಾಕಿದರೂ ವರ್ಷಕ್ಕೆ 1,60,600 ಸಾಲು, ಪೋಸ್ಟ್‌ಗ್ರೆಸ್‌ಗೆ ಇದು ಏನೇನೂ ಅಲ್ಲ. ಅಂದರೆ ವೇಗದ ಚಿಂತೆ ಬಿಡಿ, ಚಿಂತೆ ಮಾಡಬೇಕಾದ್ದು ಲೆಕ್ಕ ತಪ್ಪದ ಹಾಗೆ ನೋಡಿಕೊಳ್ಳುವುದು. ಬೆಳಿಗ್ಗೆ ಸಾಲು ನಿಂತಿರುವಾಗ ನೆಟ್ ನಿಧಾನವಾಗಿ, ಕಾರ್ಯದರ್ಶಿಗಳು ಸೇವ್ ಗುಂಡಿಯನ್ನು ಎರಡು ಸಲ ಒತ್ತಿದರು ಅಂದುಕೊಳ್ಳಿ. ಒಬ್ಬರ ಹಾಲು ಎರಡು ಸಲ ಬಿತ್ತು, ಅಲ್ವಾ? ಸದಸ್ಯರ ಸಂಖ್ಯೆ, ತಾರೀಖು, ಹೊತ್ತು ಮೂರೂ ಸೇರಿ ಒಂದೇ ಸಲ ಇರಬೇಕು ಅಂತ ಟೇಬಲ್‌ಗೇ ಯುನಿಕ್ ನಿಯಮ ಹಾಕಿಟ್ಟರೆ ಎರಡನೆಯದನ್ನು ಡೇಟಾಬೇಸೇ ಒಳಗೆ ಬಿಡುವುದಿಲ್ಲ. ಇಲ್ಲದ ಸದಸ್ಯರ ಹೆಸರಿಗೆ ಹಾಲು ಏರದಂತೆ ಫಾರಿನ್ ಕೀ, ಅಂದರೆ ಹಾಲಿನ ಸಾಲನ್ನು ಸದಸ್ಯರ ಪಟ್ಟಿಗೆ ಕಟ್ಟುವ ಕೊಂಡಿ, ತಡೆಯುತ್ತದೆ. ಬಿಲ್ ಆಗುವುದು, ಬಾಕಿ ಕಳೆಯುವುದು ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಆದರೆ ಪೂರ್ತಿ, ಇಲ್ಲದಿದ್ದರೆ ಏನೂ ಇಲ್ಲ ಅನ್ನುವ ಕಟ್ಟಿನಲ್ಲಿ) ಇದ್ದರೆ ನಡುವೆ ಕರೆಂಟ್ ಹೋದರೂ ಅರ್ಧ ಕೆಲಸ ಉಳಿಯುವುದಿಲ್ಲ.

ದುಡ್ಡಿನ ಕಾಲಂಗೆ ಫ್ಲೋಟ್ (ದಶಾಂಶವನ್ನು ಅಂದಾಜಿನಲ್ಲಿ ಇಡುವ ಬಗೆ) ಮಾತ್ರ ಬೇಡವೇ ಬೇಡ. ನಾನು ಒಂದು ಸಣ್ಣ ಸಂಘಕ್ಕೆ ಫ್ಲೋಟ್ ಹಾಕಿ ಪೈಸೆ ತಾಳೆಯಾಗದೆ ಎರಡು ರಾತ್ರಿ ಕೂತಿದ್ದೆ. ಪೈಥಾನಿನಲ್ಲಿ 0.1ಕ್ಕೆ 0.2 ಕೂಡಿಸಿ ನೋಡಿ, 0.30000000000000004 ಬರುತ್ತದೆ. 2.675 ಅನ್ನು ಎರಡು ದಶಾಂಶಕ್ಕೆ ರೌಂಡ್ ಮಾಡಿದರೆ 2.68 ಅಲ್ಲ, 2.67. ಸದಸ್ಯರ ಒಂದು ಪೈಸೆ ಹೋಯಿತು. ಜಾಂಗೋದಲ್ಲಿ ದಶಾಂಶವನ್ನು ಇದ್ದಹಾಗೇ ಇಡುವ ಡೆಸಿಮಲ್ ಫೀಲ್ಡ್ ಇದೆ, ಅದನ್ನೇ ಬಳಸಿ.

ಜಾಂಗೋ ಹುಟ್ಟಿದ್ದು ಅಮೆರಿಕದ ಕ್ಯಾನ್ಸಸ್‌ನ ಒಂದು ದಿನಪತ್ರಿಕೆ ಕಚೇರಿಯಲ್ಲಿ, ಹೊರಬಂದದ್ದು 2005ರಲ್ಲಿ. ಮಾಹಿತಿ ತುಂಬುವ, ತಿದ್ದುವ ಅಡ್ಮಿನ್ ಪರದೆ ಅದರ ಜೊತೆಗೇ ಬರುತ್ತದೆ, ಹಾಗಾಗಿ ಮೊದಲ ವಾರದಲ್ಲೇ ಕಾರ್ಯದರ್ಶಿಗಳಿಗೆ ತೋರಿಸಲು ಏನಾದರೂ ಇರುತ್ತದೆ. ರಿಯಾಕ್ಟ್ ಆಮೇಲೆ ಬೇಕೆನಿಸಿದರೆ ಸೇರಿಸಿಕೊಳ್ಳಬಹುದು. ಆ್ಯಪ್ ಡೈರಿಯ ಒಂದೇ ಕಂಪ್ಯೂಟರಿನಲ್ಲಿ ಇರುವುದಾದರೆ ಎಸ್‌ಕ್ಯುಲೈಟ್ ಎಂಬ ಒಂದೇ ಫೈಲಿನ ಡೇಟಾಬೇಸ್ ಕೂಡ ಸಾಕು, ಆದರೆ ಸದಸ್ಯರು ಫೋನಿನಲ್ಲಿ ಬಿಲ್ ನೋಡುವ ಕಾಲ ಬಂದೇ ಬರುತ್ತದೆ.

ಇನ್ನೊಂದು, ಕನ್ನಡದ ಹೆಸರುಗಳ ಪಟ್ಟಿ. ಯುನಿಕೋಡ್‌ನಲ್ಲಿ (ಕಂಪ್ಯೂಟರ್ ಅಕ್ಷರಗಳಿಗೆ ಕೊಡುವ ಸಂಖ್ಯೆಗಳ ಪಟ್ಟಿಯಲ್ಲಿ) ಳ ಅಕ್ಷರ ಲ ಆದ ಕೂಡಲೇ ಬರುತ್ತದೆ. ಸುಮ್ನೆ ಬಿಟ್ಟರೆ ಕಾವೇರಮ್ಮನಿಗಿಂತ ಮೊದಲು ಕಾಳಮ್ಮ ಬರಬಹುದು. ಪೋಸ್ಟ್‌ಗ್ರೆಸ್‌ನಲ್ಲಿ ಐಸಿಯು ಕೊಲೇಷನ್ (ಆಯಾ ಭಾಷೆಗೆ ತಕ್ಕ ಅಕ್ಷರಕ್ರಮ) ಆರಿಸಿಕೊಂಡರೆ ನಮ್ಮ ವರ್ಣಮಾಲೆಯಂತೆ ಸರಿಹೋಗುತ್ತದೆ.

ರಾತ್ರಿ ಬ್ಯಾಕಪ್ ತೆಗೆಯಿರಿ, ಅದನ್ನು ಬೇರೆ ಕಂಪ್ಯೂಟರಿನಲ್ಲಿ ಒಂದು ಸಲ ತೆರೆದೂ ನೋಡಿ. ಮೊದಲ ತಿಂಗಳು ಹಳೆಯ ಪುಸ್ತಕವನ್ನೂ ಜೊತೆಗೆ ಬರೆಸಿ, ಪ್ರತಿ ಬಿಲ್ ಎರಡರಲ್ಲೂ ತಾಳೆ ನೋಡಿಯೇ ದುಡ್ಡು ಕೊಡಿಸಿ.