ನಸುಕಿನ ಕೆಮ್ಮು, ಹಗಲಿನ ಧೂಳು

ಪ್ರಿಯ ಸೋದರಿ,

ರಾಯಚೂರಿನಿಂದ ನೀವು ಬರೆದ ಪತ್ರ ತಲುಪಿದೆ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗೂ ವಿಷಯ ಗೊತ್ತಾಗಲೆಂದು ಪತ್ರದ ಸಾರವನ್ನಷ್ಟೇ ಕೊಡುತ್ತೇವೆ. ವಯಸ್ಸು 32. ಮೂರು ಹಂಗಾಮಿನಿಂದ ಹತ್ತಿಯ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲಿನಲ್ಲಿ ಕೆಲಸ. ದೀಪಾವಳಿ ಕಳೆದು ಕೆಲಸ ಹತ್ತಿದ ಮೇಲೆ ದಮ್ಮು (ಅಸ್ತಮಾ) ಶುರುವಾಗುತ್ತದೆ, ಶಿವರಾತ್ರಿ ದಾಟಿ ಮಿಲ್ಲು ನಿಂತ ಮೇಲೆ ಇಳಿಯುತ್ತದೆ. ನಸುಕಿನ 3 ಗಂಟೆಗೆ ಕೆಮ್ಮಿ ಎಚ್ಚರವಾಗುತ್ತದೆ, ಎದೆ ಸುಂಯ್‌ಗುಡುತ್ತದೆ. ಬಾಳೆಹಣ್ಣು, ಮೊಸರು, ಮಜ್ಜಿಗೆ, ಶೇಂಗಾ ಎಲ್ಲ ಬಿಟ್ಟಿದ್ದೀರಿ, ಗುಣ ಕಂಡಿಲ್ಲ. ದಮ್ಮಿಗೆ ಬಾಯಲ್ಲಿ ಎಳೆಯುವ ನೀಲಿ ಪಂಪು (ಇನ್ಹೇಲರ್) ತಿಂಗಳಿಗೊಂದು ಮುಗಿಯುತ್ತಿದೆ. ಪಂಪಿನ ಚಟ ಹತ್ತುತ್ತದೆ, ಅದನ್ನು ಬಿಟ್ಟು ಮಿರಗ (ಮೃಗಶಿರ ಮಳೆ) ಕೂಡುವ ದಿನ ಹೈದರಾಬಾದಿಗೆ ಹೋಗಿ ಮೀನಿನ ಔಷಧ ನುಂಗಿ ಬಾ ಎನ್ನುತ್ತಾರೆ ನಿಮ್ಮ ಅತ್ತೆ. ಕೊನೆಗೆ ನೀವು ಕೇಳಿದ್ದು: "ನನಗ ಯಾವುದು ಆಗಿಬರಂಗಿಲ್ಲ ಅಂತ ಹೆಂಗ ಗೊತ್ತು ಮಾಡ್ಕೋಬೇಕ್ರಿ?"

ಊಟದ ಮಾತನ್ನು ಮೊದಲು ಮುಗಿಸೋಣ. ದೊಡ್ಡವರಲ್ಲಿ ಬರೀ ಆಹಾರದಿಂದ ಅಸ್ತಮಾ ಕೆರಳುವುದು ಅಪರೂಪ. ಆಹಾರದ ಅಲರ್ಜಿ ಇದ್ದವರಿಗೆ ಸಾಮಾನ್ಯವಾಗಿ ತಿಂದ ಕೆಲವು ನಿಮಿಷಗಳಿಂದ ಎರಡು ತಾಸಿನೊಳಗೆ ಬಾಯಿ ತುರಿಸುತ್ತದೆ, ಮೈಮೇಲೆ ದದ್ದು ಏಳುತ್ತದೆ, ತುಟಿ ಬಾಯುತ್ತದೆ. ನಿಮ್ಮ ಪತ್ರದಲ್ಲಿ ಇದಾವುದೂ ಇಲ್ಲ. ಹಾಗಿದ್ದರೆ ಮೊಸರು, ಶೇಂಗಾ ಬಿಟ್ಟು ಮೈಯಲ್ಲಿನ ಶಕ್ತಿ ಕಳೆದುಕೊಳ್ಳಬೇಡಿ, ಮತ್ತೆ ತಿನ್ನಿ. ರಾತ್ರಿ ಹೊಟ್ಟೆತುಂಬ ಉಂಡು ಕೂಡಲೇ ಅಡ್ಡಾಗುವುದು ಮಾತ್ರ ಬೇಡ. ಹುಳಿತೇಗು ಮೇಲೆ ಬಂದರೂ ಕೆಮ್ಮು ಏಳುತ್ತದೆ. ಊಟಕ್ಕೂ ಹಾಸಿಗೆಗೂ ನಡುವೆ ಎರಡು-ಮೂರು ತಾಸು ಇರಲಿ.

ಆದರೂ ಮನೆಮನೆಯಲ್ಲಿ ತಪ್ಪು ಬಾಳೆಹಣ್ಣಿನ ಮೇಲೇ ಬೀಳುವುದೇಕೆ? ಕೆಮ್ಮು ಎದ್ದಾಗ ನಮಗೆ ನೆನಪಾಗುವುದು ಕೊನೆಗೆ ತಿಂದ ಪದಾರ್ಥ. ಅಸ್ತಮಾ ನಡೆಯುವುದು ಬೇರೆ ಗಡಿಯಾರದ ಮೇಲೆ. ಅಲರ್ಜಿ ಮಾಡುವ ಧೂಳು ಎದೆಗಿಳಿದರೆ ಹದಿನೈದು ನಿಮಿಷ, ಅರ್ಧ ತಾಸಿನಲ್ಲಿ ಒಮ್ಮೆ ಉಸಿರು ಬಿಗಿದು ಸಡಿಲವಾಗುತ್ತದೆ. ಅದು ಅಲ್ಲಿಗೇ ಮುಗಿಯುವುದಿಲ್ಲ. ಮೂರು-ನಾಲ್ಕು ತಾಸಿನ ಮೇಲೆ ಶ್ವಾಸನಾಳದ ಒಳಪೊರೆ ನಿಧಾನ ಬಾಯತೊಡಗುತ್ತದೆ, ಆರರಿಂದ ಹನ್ನೆರಡು ತಾಸಿನ ಹೊತ್ತಿಗೆ ಬಾವು ಏರಿರುತ್ತದೆ. ಕೆಲವರಿಗೆ ಮೊದಲ ಬಿಗಿತ ಬರುವುದೇ ಇಲ್ಲ, ಈ ಎರಡನೆಯದೇ ಬರುತ್ತದೆ. ಇದರ ಜೊತೆಗೆ, ಆರೋಗ್ಯವಂತರಿಗೂ ಉಸಿರಿನ ನಾಳ ಅತಿ ಕಿರಿದಾಗುವ ಹೊತ್ತು ನಸುಕಿನ ನಾಲ್ಕರ ಆಸುಪಾಸು. ಮಧ್ಯಾಹ್ನ ಮೂರರಿಂದ ಆರರವರೆಗೆ ಮಿಲ್ಲಿನಲ್ಲಿ ಕುಡಿದ ಧೂಳು ನಸುಕಿನ ಮೂರಕ್ಕೆ ನಿಮ್ಮನ್ನು ಎಬ್ಬಿಸುತ್ತಿದ್ದರೆ ಲೆಕ್ಕ ಸರಿಯಾಗಿಯೇ ಇದೆ. ಒಂಬತ್ತಕ್ಕೆ ಉಂಡ ಮಜ್ಜಿಗೆ ನಡುವೆ ಸಿಕ್ಕಿಬಿದ್ದ ಸಾಕ್ಷಿಯಷ್ಟೆ.

ಮಿಲ್ಲೇ ಕಾರಣ ಎಂದು ಇಷ್ಟಕ್ಕೇ ತೀರ್ಮಾನ ಕೊಡಲಾರೆವು, ಆದರೆ ಗುಮಾನಿ ಬಲವಾಗಿದೆ. ಇದನ್ನು ಬಿಡಿಸುವ ಬೀಗದಕೈ ನಿಮ್ಮ ವಾರದ ರಜೆಯಲ್ಲಿದೆ. ರಜೆಯ ದಿನ ಉಸಿರು ಹಗುರಾಗಿ, ಕೆಲಸಕ್ಕೆ ಹೋದಂತೆ ದಿನದಿನಕ್ಕೆ ಬಿಗಿಯುತ್ತಾ ವಾರದ ಕೊನೆಗೆ ಅತಿಯಾದರೆ ಅದು ಕೆಲಸದಿಂದ ಕೆರಳುವ ಅಸ್ತಮಾದ ನಡೆ. ತಿರುವುಮುರುವಾಗಿ, ರಜೆ ಮುಗಿಸಿ ಹೋದ ಮೊದಲ ದಿನವೇ, ಕೆಲಸ ಹತ್ತಿದ ಕೆಲವು ತಾಸಿನಲ್ಲಿ ಎದೆ ಹಗ್ಗ ಬಿಗಿದಂತಾಗಿ, ಮರುದಿನ, ಮೂರನೆಯ ದಿನ ಅದು ಕಡಿಮೆಯಾಗುತ್ತಾ ಹೋದರೆ ಅದು ಬಿಸಿನೋಸಿಸ್ ಎಂಬ ಬೇರೆಯೇ ರೋಗವಿರಬಹುದು. ಹತ್ತಿ, ಸೆಣಬಿನಂಥ ನಾರಿನ ಧೂಳಿನಲ್ಲಿ ದುಡಿಯುವವರಿಗೆ ಬರುತ್ತದೆ. ಮುಖ್ಯ ಅಪರಾಧಿ ಬಿಳಿ ಎಳೆಯಲ್ಲ. ಅದಕ್ಕಂಟಿದ ಒಣ ಎಲೆ, ತೊಗಟೆಯ ಚೂರಿನಲ್ಲಿ ಬ್ಯಾಕ್ಟೀರಿಯಾ ಬಿಟ್ಟ ವಿಷ ಇರುತ್ತದೆ. ಕಸ ಹೆಚ್ಚಿರುವ ಹತ್ತಿ ಬಂದ ದಿನ ಹೆಚ್ಚು ತ್ರಾಸಾಗುತ್ತದೆಯೇ, ನೋಡಿ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಬಿಸಿನೋಸಿಸ್ ಶ್ವಾಸಕೋಶವನ್ನು ಕಾಯಂ ಕೆಡಿಸಬಲ್ಲದು. ಅದಕ್ಕೇ ಈ ಎರಡನ್ನೂ ಬೇರ್ಪಡಿಸಿ ತಿಳಿಯಬೇಕು.

ಇದಕ್ಕೆ ಬೇಕಾದದ್ದು ಮಕ್ಕಳ ಒಂದು ನೋಟ್‌ಬುಕ್ಕು ಮತ್ತು ಪೀಕ್ ಫ್ಲೋ ಮೀಟರ್ ಎಂಬ ಊದುಕೊಳವೆ. ದೊಡ್ಡ ಔಷಧಿ ಅಂಗಡಿಯಲ್ಲಿ ಹೇಳಿದರೆ ತರಿಸಿಕೊಡುತ್ತಾರೆ. ಮುಳ್ಳನ್ನು ಸೊನ್ನೆಗೆ ತಂದು, ನಿಂತು, ಎದೆತುಂಬ ಉಸಿರೆಳೆದು, ತುಟಿ ಬಿಗಿಹಿಡಿದು ಒಮ್ಮೆಲೇ ಜೋರಾಗಿ ಊದಬೇಕು. ದೀಪ ಆರಿಸಿದ ಹಾಗೆ ಗಕ್ಕನೆ ಊದುವುದು, ಬಲೂನಿನ ಹಾಗೆ ಉದ್ದಕ್ಕೆ ಅಲ್ಲ. ನಾಲಿಗೆ ಅಡ್ಡ ಬಂದರೆ ಅಂಕಿ ಸುಳ್ಳಾಗುತ್ತದೆ. ಮೂರು ಸಲ ಊದಿ, ಎಲ್ಲಕ್ಕಿಂತ ದೊಡ್ಡ ಅಂಕಿ ಬರೆಯಿರಿ, ಸರಾಸರಿಯಲ್ಲ. ಎದ್ದ ಕೂಡಲೇ, ಕೆಲಸದ ನಡುವೆ, ಕೆಲಸ ಬಿಟ್ಟಾಗ, ಮಲಗುವ ಮುನ್ನ ಹೀಗೆ ದಿನಕ್ಕೆ ನಾಲ್ಕು ಸಲ, ನಾಲ್ಕು ವಾರ. ರಜೆಯ ದಿನ ಬಿಡಲೇಬಾರದು. ಪಂಪು ಎಳೆಯುವುದಿದ್ದರೆ ಮೊದಲು ಊದಿ, ಆಮೇಲೆ ಎಳೆಯಿರಿ. ಉಸಿರು ತೀರ ಬಿಗಿದಾಗ ಮಾತ್ರ ಅಂಕಿಯ ಗೊಡವೆ ಬೇಡ, ಮೊದಲು ಪಂಪು.

ಲೆಕ್ಕ ಸುಲಭ. ಸಂಜೆ 350, ನಸುಕಿನಲ್ಲಿ 270 ಬಂತೆನ್ನಿ. ಎರಡರ ಅಂತರ 80, ಎರಡರ ನಡುಮಟ್ಟ 310. 80ನ್ನು 310ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಸುಮಾರು 26. ದೊಡ್ಡವರಲ್ಲಿ ಎರಡು ವಾರದ ಸರಾಸರಿ ಏರಿಳಿತ ನೂರಕ್ಕೆ 10 ದಾಟಿದರೆ ಅಸ್ತಮಾ ಕಡೆಗೆ ಬೊಟ್ಟು ಮಾಡುತ್ತದೆ. ಅಂಕಿಯ ಮಗ್ಗುಲಲ್ಲಿ ಅಂದಿನ ಕೆಲಸ ಬರೆಯಿರಿ: ಹತ್ತಿ ರಾಶಿ ಕೆದರಿದ್ದೋ, ಯಂತ್ರಕ್ಕೆ ಹಾಕಿದ್ದೋ, ಕೆಳಗಿನ ಕಸ ಬಳಿದದ್ದೋ. ನೆಗಡಿ ಇತ್ತೇ, ಮುಟ್ಟಿನ ದಿನ ಹತ್ತಿರವಿತ್ತೇ (ಕೆಲವು ಹೆಂಗಸರಿಗೆ ಅದಕ್ಕೆ ಮುಂಚಿನ ದಿನಗಳಲ್ಲಿ ದಮ್ಮು ಏರುತ್ತದೆ), ಯಾವ ಗುಳಿಗೆ ನುಂಗಿದಿರಿ, ಇವೂ ಇರಲಿ.

ಗುಳಿಗೆ ಎಂದದ್ದಕ್ಕೆ ಕಾರಣವಿದೆ. ಬಗ್ಗಿ ದುಡಿಯುವವರು ಸೊಂಟನೋವಿಗೆ ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗುವುದು ನಮ್ಮ ಕಡೆ ದಿನದ ಮಾತು. ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೊಫೆನಾಕ್ ಜಾತಿಯವು ಕೆಲವು ಅಸ್ತಮಾ ರೋಗಿಗಳಲ್ಲಿ ಅರ್ಧ ತಾಸಿನಿಂದ ಮೂರು ತಾಸಿನೊಳಗೆ ಜೋರಾದ ದಾಳಿ ತರುತ್ತವೆ. ಅಂಥವರಿಗೆ ಮೂಗು ಕಟ್ಟಿರುವುದು, ವಾಸನೆ ತಿಳಿಯದಿರುವುದೂ ಹಲವು ಸಲ ಇರುತ್ತದೆ. ಪ್ಯಾರಸಿಟಮಾಲ್ ಬಹುತೇಕ ಎಲ್ಲರಿಗೂ ಆಗಿಬರುತ್ತದೆ. ಬಿಪಿಗೆ, ತಲೆನೋವಿಗೆ ಕೊಡುವ ಪ್ರೊಪ್ರನೊಲಾಲ್, ಕಣ್ಣಿಗೆ ಹಾಕುವ ಟಿಮೊಲಾಲ್ ಹನಿ ಇವೂ ಶ್ವಾಸನಾಳ ಬಿಗಿಯುತ್ತವೆ. ಯಾವ ಡಾಕ್ಟರ ಹತ್ತಿರ ಹೋದರೂ "ನನಗೆ ಅಸ್ತಮಾ ಇದೆ" ಎಂದು ಮೊದಲೇ ಹೇಳಿ.

ಮನೆಯನ್ನೂ ತನಿಖೆಯಿಂದ ಬಿಡಬಾರದು. ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ ಉರಿಸಿ ರೊಟ್ಟಿ ಬಡಿಯುವಾಗ ಎದೆ ಬಿಗಿಯುತ್ತದೆ ಎಂದು ನೀವೇ ಬರೆದಿದ್ದೀರಿ. ಹೊಗೆ ಅಲರ್ಜಿಯ ವಸ್ತುವಲ್ಲ, ಆದರೆ ಮೊದಲೇ ಬಾತಿರುವ ನಾಳವನ್ನು ಕೆಣಕುತ್ತದೆ. ಗ್ಯಾಸ್ ಇದ್ದರೆ ಹಂಗಾಮಿನ ನಾಲ್ಕು ತಿಂಗಳಾದರೂ ರೊಟ್ಟಿಯೂ ಅದರ ಮೇಲೇ ಆಗಲಿ. ಇಲ್ಲದಿದ್ದರೆ ಒಲೆ ಹೊರಗಿನ ಪಡಸಾಲೆಗೆ ಬರಲಿ, ಬೆಳಕಿಂಡಿ ತೆರೆದಿರಲಿ. ಸೊಳ್ಳೆಬತ್ತಿ, ಲೋಬಾನ, ಊದುಬತ್ತಿ, ಒಣಮೆಣಸಿನಕಾಯಿ ಒಗ್ಗರಣೆ ಇವೂ ಇದೇ ಸಾಲಿನವು. ಸೊಳ್ಳೆಬತ್ತಿಗೆ ಬದಲು ಪರದೆ ಕಟ್ಟಿ.

ಕೌದಿ, ಗಾದಿ, ತಲೆದಿಂಬಿನಲ್ಲಿ ಕಣ್ಣಿಗೆ ಕಾಣದ ಧೂಳಿನ ನುಸಿ ಇರುತ್ತದೆ. ರಾಯಚೂರಿನ ಬೇಸಿಗೆಯ ಒಣಹವೆ ಅದಕ್ಕೆ ಆಗಿಬರುವುದಿಲ್ಲ, ಮಳೆಗಾಲದಲ್ಲಿ ಹೆಚ್ಚುತ್ತದೆ. ಕೂಲರ್ ಇದ್ದರೆ ಬೇಸಿಗೆಯಲ್ಲೂ ಕೋಣೆ ಹಸಿಯಾಗಿ ನುಸಿಗೂ ಬೂಸ್ಟಿಗೂ ನೆಲೆಯಾಗುತ್ತದೆ. ಕೂಲರಿನ ಹುಲ್ಲು ವರ್ಷವೂ ಬದಲಿಸಿ, ನೀರು ನಿಲ್ಲಗೊಡಬೇಡಿ. ಬಿಸಿಲಿಗೆ ಹಾಕಿದರೆ ನುಸಿ ಸಾಯುತ್ತದೆ ನಿಜ, ಆದರೆ ಕೆಮ್ಮು ತರುವ ಅದರ ಹಿಕ್ಕೆ ಬಟ್ಟೆಯಲ್ಲೇ ಉಳಿಯುತ್ತದೆ. ಅದಕ್ಕೇ ಕೌದಿಯನ್ನು ಕೈ ಸುಡುವಷ್ಟು ಬಿಸಿ, ಅಂದರೆ 60 ಡಿಗ್ರಿ ನೀರಿನಲ್ಲಿ ನೆನೆಸಿ ಒಗೆಯಬೇಕು. ಗಾದಿ ಝಾಡಿಸುವ ಕೆಲಸ ಮನೆಯ ಹೊರಗೆ, ನೀವಲ್ಲದೆ ಬೇರೆಯವರು ಮಾಡಲಿ. ಹೊರಗಿನವುಗಳಲ್ಲಿ ಬಳ್ಳಾರಿ ಜಾಲಿಯ ಪರಾಗ, ಕಾಂಗ್ರೆಸ್ ಕಸ, ತೊಗರಿ-ಕಡಲೆ ರಾಶಿಯ ಹೊಟ್ಟು, ಗದ್ದೆಯಲ್ಲಿ ಹುಲ್ಲು ಸುಡುವ ಹೊಗೆ ನಮ್ಮ ಜಿಲ್ಲೆಗಳ ಹಳೆಯ ಗಿರಾಕಿಗಳು. ನಿಮ್ಮ ನೋಟ್‌ಬುಕ್ಕಿನಲ್ಲಿ ಇವು ಕಾಣಿಸಿಕೊಂಡರೆ ಆಗ ಯೋಚಿಸೋಣ. ಎಲ್ಲದಕ್ಕೂ ಒಮ್ಮೆಲೇ ಹೆದರಿ ಕೂಡಬೇಡಿ.

ಈಗ ನಮ್ಮನ್ನು ನಿಜಕ್ಕೂ ಕಳವಳಕ್ಕೀಡುಮಾಡಿದ ಸಾಲು: ನೀಲಿ ಪಂಪು ತಿಂಗಳಿಗೊಂದು. ಒಂದು ಡಬ್ಬಿಯಲ್ಲಿ ಸಾಮಾನ್ಯವಾಗಿ 200 ಎಳೆತ, ಎಳೆತಕ್ಕೆ 100 ಮೈಕ್ರೋಗ್ರಾಂ ಸಾಲ್ಬುಟಮಾಲ್. ಅಂದರೆ ದಿನಕ್ಕೆ ಆರೇಳು ಸಲ ಎಳೆಯುತ್ತಿದ್ದೀರಿ. ಈ ಔಷಧಿ ನಾಳದ ಸುತ್ತಲ ಸ್ನಾಯುವನ್ನು ನಾಲ್ಕರಿಂದ ಆರು ತಾಸು ಸಡಿಲಿಸುತ್ತದೆ, ಒಳಗಿನ ಬಾವಿಗೆ ಏನೂ ಮಾಡುವುದಿಲ್ಲ. ವರ್ಷಕ್ಕೆ ಮೂರು ಡಬ್ಬಿ ದಾಟಿದರೇ ದಾಳಿಯ ಅಪಾಯ ಹೆಚ್ಚು. ಹನ್ನೆರಡು ದಾಟಿದವರಲ್ಲಿ ಸಾವಿನ ಅಪಾಯವೂ ಹೆಚ್ಚೆಂದು ವೈದ್ಯಲೋಕ ಎಚ್ಚರಿಸುತ್ತದೆ. ಗಿನಾ ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿ 2019ರಿಂದ ಬರೀ ನೀಲಿ ಪಂಪಿನ ಚಿಕಿತ್ಸೆಯನ್ನು ಒಪ್ಪುತ್ತಿಲ್ಲ. ಬಾವು ಇಳಿಸುವ ಸ್ಟಿರಾಯ್ಡ್ ಪಂಪು ನಿಮಗೆ ಬೇಕಿದೆ. ಬುಡೆಸೊನೈಡ್-ಫಾರ್ಮೊಟೆರಾಲ್ ಎರಡೂ ಕೂಡಿದ್ದನ್ನು ಹಲವರಿಗೆ ಕೊಡುತ್ತಾರೆ. ನಿಮಗೆ ಯಾವುದು, ಎಷ್ಟು ಎಂಬುದನ್ನು ವೈದ್ಯರು ನಿರ್ಧರಿಸಬೇಕು.

ಅತ್ತೆಯವರಿಗೆ ಹೀಗೆ ಹೇಳಿ: ಬಾವು ಇಳಿಸುವ ಪಂಪಿಗೆ ಚಟವಿಲ್ಲ. ಅದರ ಒಂದು ಎಳೆತದಲ್ಲಿರುವುದು 200 ಮೈಕ್ರೋಗ್ರಾಂನಷ್ಟು ಔಷಧಿ. ದಮ್ಮು ಏರಿದಾಗ ನುಂಗಿಸುವ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಗುಳಿಗೆ 40 ಮಿಲಿಗ್ರಾಂ ಎಂದರೆ 40,000 ಮೈಕ್ರೋಗ್ರಾಂ, ಅದೂ ಮೈತುಂಬ ಹರಿಯುತ್ತದೆ. ತಿಂಗಳುಗಟ್ಟಲೆ ನುಂಗಿದರೆ ಸಕ್ಕರೆ ಕಾಯಿಲೆ, ಎಲುಬು ಸವೆತ, ಕಣ್ಣಿನ ಪೊರೆ ಬರುವುದು ಆ ಗುಳಿಗೆಯಿಂದ. ಮೀನಿನ ಔಷಧಕ್ಕೆ ಅಸ್ತಮಾ ವಾಸಿಯಾದ ವೈದ್ಯಕೀಯ ಪುರಾವೆ ಇಲ್ಲ. ನಿಮ್ಮ ವಿಷಯದಲ್ಲಂತೂ ಇನ್ನೊಂದು ಮಾತಿದೆ. ಮಿರಗ ಕೂಡುವುದು ಜೂನ್‌ನಲ್ಲಿ. ನಿಮ್ಮ ದಮ್ಮು ಇಳಿಯುವುದು ಮಾರ್ಚ್‌ನಲ್ಲಿ, ಮರಳುವುದು ದೀಪಾವಳಿ ಮೇಲೆ. ಜೂನ್‌ನಲ್ಲಿ ಏನು ನುಂಗಿದರೂ ಐದು ತಿಂಗಳು ಗುಣ ಕಂಡಂತೆಯೇ ಇರುತ್ತದೆ.

ಪಂಪು ಎಳೆಯುವ ರೀತಿ ತಪ್ಪಿದರೆ ಔಷಧಿ ಗಂಟಲಿಗೇ ಬಡಿದು ಹೊಟ್ಟೆ ಸೇರುತ್ತದೆ. ಸ್ಪೇಸರ್ ಎಂಬ ಪ್ಲಾಸ್ಟಿಕ್ ಡಬ್ಬಿ ಕೊಳ್ಳಿ. ಪಂಪು ಅಲುಗಾಡಿಸಿ ಸ್ಪೇಸರ್‌ಗೆ ಸಿಕ್ಕಿಸಿ, ಉಸಿರು ಪೂರ್ತಿ ಹೊರಬಿಟ್ಟು, ತುಟಿ ಬಿಗಿಹಿಡಿದು ಒಂದೇ ಸಲ ಒತ್ತಿ. ಮೂರರಿಂದ ಐದು ಸೆಕೆಂಡು ನಿಧಾನ ಎಳೆದು, ಹತ್ತು ಎಣಿಸುವವರೆಗೆ ತಡೆಯಿರಿ. ಎರಡನೆಯದಕ್ಕೆ ಅರ್ಧ ನಿಮಿಷ ಬಿಟ್ಟು ಮತ್ತೆ ಅಲುಗಾಡಿಸಿ. ಎರಡು ಎಳೆತ ಒಟ್ಟಿಗೆ ಒತ್ತಿದರೆ ಔಷಧಿ ಡಬ್ಬಿಯ ಗೋಡೆಗೆ ಅಂಟುತ್ತದೆ. ಸ್ಟಿರಾಯ್ಡ್ ಪಂಪಿನ ಮೇಲೆ ಬಾಯಿ ಮುಕ್ಕಳಿಸಿ ಉಗುಳಿ, ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಸ್ಪೇಸರನ್ನು ಸೋಪಿನ ನೀರಲ್ಲಿ ತೊಳೆದು ಹಾಗೇ ಆರಲು ಬಿಡಿ. ಅರಿವೆಯಿಂದ ತಿಕ್ಕಿದರೆ ಪ್ಲಾಸ್ಟಿಕ್ ವಿದ್ಯುತ್ ಹಿಡಿದು ಔಷಧಿಯನ್ನು ಸೆಳೆದುಕೊಳ್ಳುತ್ತದೆ. ಪಂಪನ್ನು ಬಿಸಿಲಲ್ಲಿ, ಪತ್ರಾಸಿನ ಕೆಳಗೆ, ಬೈಕಿನ ಡಿಕ್ಕಿಯಲ್ಲಿ ಇಡಬೇಡಿ.

ಮಿಲ್ಲು ಬಿಡಿ ಎಂದು ಹೇಳುವುದು ನಮಗೆ ಸುಲಭ, ನಿಮಗೆ ಅದು ಅನ್ನ. ಧೂಳು ಹೆಚ್ಚಿರುವುದು ರಾಶಿ ಕೆದರುವಲ್ಲಿ, ಯಂತ್ರದ ಬಾಯಲ್ಲಿ, ಕೆಳಗಿನ ಕಸ ಬಳಿಯುವಲ್ಲಿ. ತೂಕದ ಕಡೆ, ಹೊಲಿಗೆಯ ಕಡೆ ಕೆಲಸ ಕೇಳಿ ನೋಡಿ. ಸೀರೆಯ ಸೆರಗು, ಟವೆಲು ನಯಧೂಳನ್ನು ತಡೆಯುವುದಿಲ್ಲ. ಮೂಗಿನ ಮೇಲೆ, ಗದ್ದದ ಕೆಳಗೆ ಸಂದಿಯಿಲ್ಲದೆ ಕೂಡುವ ಎನ್-95 ಮಾಸ್ಕು ಬೇಕು, ಉಸಿರು ಎಳೆಯಲು ಬಿಗಿಯಾದಾಗ ಬದಲಿಸಬೇಕು. ಮನೆಗೆ ಬಂದ ಕೂಡಲೇ ಸೀರೆ ಬದಲಿಸಿ ತಲೆ ತೊಳೆದುಕೊಳ್ಳಿ, ಆ ಧೂಳು ದಿಂಬಿಗೆ ಬರಬಾರದು. ಆದರೆ ಒಂದು ಮಾತು ಮುಚ್ಚಿಡಲಾರೆವು: ಹತ್ತಿಧೂಳೇ ಕಾರಣವೆಂದು ಖಚಿತವಾದರೆ ಮಾಸ್ಕು ಪೂರ್ತಿ ಪರಿಹಾರವಲ್ಲ, ಆ ಧೂಳಿನಿಂದ ಬೇಗ ದೂರವಾದಷ್ಟೂ ಶ್ವಾಸಕೋಶ ಚೇತರಿಸುವ ಸಾಧ್ಯತೆ ಹೆಚ್ಚು. ಬಿಸಿನೋಸಿಸ್ ಕಾನೂನಿನ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿದೆ. ನಿಮಗೆ ಇಎಸ್‌ಐ (ಕಾರ್ಮಿಕರ ವಿಮೆ) ಕಾರ್ಡ್ ಇದ್ದರೆ ವೈದ್ಯರಿಗೆ ತೋರಿಸಿ, ಕೆಲಸದ ವಿವರವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ.

ಜೋರು ದಾಳಿ ಬಂದರೆ ನೆಟ್ಟಗೆ ಕುಳಿತುಕೊಳ್ಳಿ, ಮಲಗಬೇಡಿ. ನೀಲಿ ಪಂಪನ್ನು ಸ್ಪೇಸರ್‌ನಲ್ಲಿ ಒಂದೊಂದಾಗಿ ನಾಲ್ಕು ಸಲ, ಪ್ರತಿ ಸಲಕ್ಕೂ ನಾಲ್ಕಾರು ಉಸಿರು. ಇಪ್ಪತ್ತು ನಿಮಿಷದಲ್ಲಿ ಇಳಿಯದಿದ್ದರೆ ಮತ್ತೆ ನಾಲ್ಕು ಎಳೆದು ಆಸ್ಪತ್ರೆಗೆ ಹೊರಡಿ. ಒಂದು ವಾಕ್ಯ ಪೂರ್ತಿ ಹೇಳಲಾಗದಿದ್ದರೆ, ತುಟಿ ನೀಲಿಯಾದರೆ, ಮಂಪರು ಬಂದರೆ ಕಾಯದೆ 108ಕ್ಕೆ ಕರೆ ಮಾಡಿಸಿ, ದಾರಿಯುದ್ದಕ್ಕೂ ಪಂಪು ಎಳೆಯುತ್ತಿರಿ. ತ್ರಾಸು ಹೆಚ್ಚುತ್ತಿದ್ದರೂ ಸುಂಯ್ ಸದ್ದು ನಿಂತಿತೆಂದು ಮನೆಯವರು ಸಮಾಧಾನಪಡಬಾರದು. ಗಾಳಿಯೇ ಆಡದಾಗ ಸದ್ದು ನಿಲ್ಲುತ್ತದೆ.

ನಾಲ್ಕು ವಾರದ ನೋಟ್‌ಬುಕ್ಕು ತುಂಬುವವರೆಗೆ ವೈದ್ಯರನ್ನು ಕಾಣದೆ ಇರಬೇಡಿ, ಈ ವಾರವೇ ಹೋಗಿ. ರಾಯಚೂರು, ಬಳ್ಳಾರಿ, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ. ಸ್ಪೈರೋಮೆಟ್ರಿ ಎಂಬ ಊದುವ ಪರೀಕ್ಷೆ ಕೇಳಿ, ಅದನ್ನು ಪಂಪಿಗೆ ಮೊದಲು ಒಮ್ಮೆ, ನಂತರ ಒಮ್ಮೆ ಮಾಡುತ್ತಾರೆ. ಎರಡು ವಾರ ಮೀರಿದ ಕೆಮ್ಮಾದ್ದರಿಂದ ಕಫದ ಟಿಬಿ ಪರೀಕ್ಷೆಯೂ ಆಗಲಿ, ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ದುಡ್ಡಿಲ್ಲ. ಹೋಗುವಾಗ ನುಂಗಿದ ಗುಳಿಗೆಗಳ ಹಾಳೆ, ನೀವು ಎಳೆಯುವ ಪಂಪು, ಮತ್ತು ಈ ಹಂಗಾಮಿನಲ್ಲಿ ಖಾಲಿಯಾದ ನೀಲಿ ಡಬ್ಬಿಗಳನ್ನು ಎಸೆದಿರದಿದ್ದರೆ ಅವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಇಡಿ.